ಯಕೃತ್ತಿನ ಸೋಂಕು: ಲೆಕ್ಕಕ್ಕೆ ಸಿಗದ ಮನೋವ್ಯಥೆ

ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಆಡೂರು, ಬಾದಾಮಿ ಚಾಲುಕ್ಯರ ಕಾಲದ ಶಾಸನದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ನನಗೆ ಅದು ಸೋದರಮಾವನ ಊರು. ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಳೆದ ವರ್ಷ ಹೋಗಿದ್ದಾಗ ನೆರೆಮನೆಯ ಯುವಕನೊಬ್ಬ ಸಂಜೆ ಬಂದು ಕಟ್ಟೆಯ ಮೇಲೆ ಕುಳಿತ. ಐಟಿಐ ಮುಗಿಸಿ ವೆಲ್ಡಿಂಗ್ ಕೆಲಸದಲ್ಲಿ ಪಳಗಿದವನು. ಮೊದಲೆಲ್ಲ ನಾನು ಬಂದ ಸುದ್ದಿ ತಿಳಿಯುತ್ತಲೇ ಓಡಿ ಬಂದು ಬೆಂಗಳೂರಿನ ಸಮಾಚಾರ ಕೇಳುತ್ತಿದ್ದವನು ಈ ಸಲ ಮೂರನೆಯ ದಿನ ಬಂದಿದ್ದ. ಮೈ ಇಳಿದಿತ್ತು. ಕುಡಿಯಲು ಕೊಟ್ಟ ಚಹಾದ ಲೋಟವನ್ನು ತಾನೇ ತೊಳೆದು ಒಂದು ಬದಿಗೆ ಬೋರಲು ಇಟ್ಟ. ಏಕೆಂದು ಕೇಳಿದ ಮೇಲೆ ವಿಷಯ ಹೊರಬಂತು.

ಕೊಲ್ಲಿ ದೇಶವೊಂದರಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ವೀಸಾಕ್ಕೆ ಮುನ್ನ ನಡೆಯುವ ಕಡ್ಡಾಯ ವೈದ್ಯಕೀಯ ತಪಾಸಣೆಯಲ್ಲಿ ರಕ್ತದಲ್ಲಿ ಹೆಪಟೈಟಿಸ್ ‘ಬಿ’ ವೈರಾಣು ಇರುವುದು ಕಂಡುಬಂತು. ಆ ದೇಶಗಳ ನಿಯಮದಂತೆ ಇಂಥವರು ಕೆಲಸಕ್ಕೆ ಅನರ್ಹರು. ತಪಾಸಣಾ ಕೇಂದ್ರದ ಕಿಟಕಿಯಲ್ಲಿದ್ದವರು ಹತ್ತು ಜನರ ಮುಂದೆ ‘ಅನ್‌ಫಿಟ್’ ಎಂದು ಹೇಳಿ ಚೀಟಿ ಕೈಗಿಟ್ಟರಂತೆ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ವೈದ್ಯರು ಎರಡು ನಿಮಿಷ ಮಾತನಾಡಿ, ಇದು ಜೀವನಪೂರ್ತಿ ಇರುತ್ತದೆ, ಸದ್ಯಕ್ಕೆ ಔಷಧ ಬೇಡ, ಆರು ತಿಂಗಳಿಗೊಮ್ಮೆ ಬಾ ಎಂದು ಕಳುಹಿಸಿದರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಆ ವೈದ್ಯರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೇಳಿದವನಿಗೆ ಅದರ ಅರ್ಥ ಬೇರೆಯಾಗಿತ್ತು: ರೋಗ ಹೋಗುವುದಿಲ್ಲ, ಔಷಧವೂ ಇಲ್ಲ.

ಚೀಟಿಯಲ್ಲಿ ‘ಬಿ ಪಾಸಿಟಿವ್’ ಎಂದಿದ್ದುದನ್ನು ಅವನ ತಾಯಿ ಮೊದಲು ರಕ್ತದ ಗುಂಪು ಎಂದೇ ತಿಳಿದುಕೊಂಡಿದ್ದರಂತೆ. ಗುಂಪು ಅದಾದರೆ ಕೆಲಸ ಏಕೆ ಕೊಡುವುದಿಲ್ಲ ಎಂದು ಅವರು ಕೇಳಿದ್ದನ್ನು ಹೇಳುವಾಗ ಮಾತ್ರ ಹುಡುಗ ಸ್ವಲ್ಪ ನಕ್ಕ. ಸತ್ಯ ತಿಳಿದ ಮೇಲೆ ಮನೆಯಲ್ಲಿ ಅದು ‘ಕಾಮಣಿ’ ಆಯಿತು. ಕಾಮಣಿ ಅಂಟುತ್ತದೆ ಎಂಬುದು ಊರಿನ ಅನುಭವ. ಹೀಗಾಗಿ ಅವನ ತಾಟು, ಲೋಟ, ಹಾಸಿಗೆ ಎಲ್ಲವೂ ಬೇರೆಯಾದವು. ಪಕ್ಕದ ಊರಿಗೆ ಕರೆದೊಯ್ದು ಕೈಗೆ ಬರೆ ಹಾಕಿಸಿಕೊಂಡು ಬಂದದ್ದೂ ಆಯಿತು. ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ತಾವಾಗಿಯೇ ಮಾತು ನಿಲ್ಲಿಸಿದರು. “ಕಾಕಾ, ರೋಗ ಇರೋದು ರಕ್ತದಾಗ. ಇವರು ತಾಟು ಬ್ಯಾರೆ ಮಾಡ್ಯಾರ್ರಿ” ಎಂದ. ಆಮೇಲೆ ಸುಮಾರು ಹೊತ್ತು ಸುಮ್ಮನಿದ್ದು, “ಮೂರು ತಿಂಗಳಾತು ಸರಿಯಾಗಿ ನಿದ್ದಿ ಇಲ್ರಿ. ಇದ್ದು ಏನು ಮಾಡೋದೈತಿ ಅನಸ್ತೈತಿ” ಎಂದ.

ಕೊನೆಯ ಆ ಮಾತು ನನ್ನನ್ನು ಅಲುಗಾಡಿಸಿತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲಿಗೆ ರೋಗದ ವಿಚಾರ. ಯಕೃತ್ತಿಗೆ ಉರಿಯೂತ ತರುವ ವೈರಾಣುಗಳು ಹಲವು. ಕಲುಷಿತ ನೀರು, ಆಹಾರದಿಂದ ಹರಡುವ ‘ಎ’ ಮತ್ತು ‘ಇ’ ನಮೂನೆಗಳು ಊರಿಗೆ ಊರನ್ನೇ ಹಳದಿ ಮಾಡಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೊರಟುಹೋಗುತ್ತವೆ. ನಮ್ಮ ಜನರ ಕಾಮಣಿಯ ಅನುಭವವೆಲ್ಲ ಇವುಗಳದ್ದು. ಪಥ್ಯ ಮಾಡಿದರೂ ಬರೆ ಹಾಕಿದರೂ ಬಹುಪಾಲು ತಾವಾಗಿ ವಾಸಿಯಾಗುವುದರಿಂದ ಬರೆ ಹಾಕುವವರ ಕೀರ್ತಿಗೆ ಕುಂದು ಬಂದಿಲ್ಲ. ‘ಬಿ’ ಮತ್ತು ‘ಸಿ’ ನಮೂನೆಗಳ ದಾರಿ ಬೇರೆ. ಅವು ರಕ್ತದಿಂದ, ಅಶುದ್ಧ ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತವೆ. ಒಂದೇ ತಾಟಿನಲ್ಲಿ ಉಂಡರೆ, ಹೆಗಲ ಮೇಲೆ ಕೈ ಹಾಕಿದರೆ, ಮಗುವನ್ನು ಎತ್ತಿಕೊಂಡರೆ ದಾಟುವುದಿಲ್ಲ. ದಾಟಿದವು ಹಲವರಲ್ಲಿ ದಶಕಗಟ್ಟಲೆ ಸದ್ದಿಲ್ಲದೆ ಉಳಿಯುತ್ತವೆ. ಅವರಲ್ಲಿ ಒಂದು ಪಾಲು ಜನರಿಗೆ ಮುಂದೆ ಸಿರೋಸಿಸ್ ಇಲ್ಲವೇ ಯಕೃತ್ತಿನ ಕ್ಯಾನ್ಸರ್ ಬರುತ್ತದೆ. ಉಳಿದವರು ನಿಯಮಿತ ತಪಾಸಣೆಯ ಬಲದಿಂದ ಎಲ್ಲರಂತೆ ಬಾಳಿ ಮುಪ್ಪು ಕಾಣಬಲ್ಲರು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ‘ಬಿ’ ವೈರಾಣು ಹುಟ್ಟುವಾಗ ತಗುಲಿದರೆ ಹತ್ತರಲ್ಲಿ ಒಂಬತ್ತು ಶಿಶುಗಳಲ್ಲಿ ಅದು ಕಾಯಂ ಆಗುತ್ತದೆ. ವಯಸ್ಕರಿಗೆ ತಗುಲಿದರೆ ಕಾಯಂ ಆಗುವುದು ಶೇ 5ಕ್ಕಿಂತ ಕಡಿಮೆ ಜನರಲ್ಲಿ. ಹಾಗಾಗಿ ಇಂದು ಮೂವತ್ತರ ಆಸುಪಾಸಿನಲ್ಲಿರುವ ಒಬ್ಬ ದೀರ್ಘಕಾಲದ ಸೋಂಕಿತ ಬಹುಮಟ್ಟಿಗೆ ತೊಟ್ಟಿಲಲ್ಲಿದ್ದಾಗಲೋ ಎಳವೆಯಲ್ಲೋ ಅದನ್ನು ಪಡೆದವನು. ಅವನು ಹುಟ್ಟಿದಾಗ ಈ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇರಲಿಲ್ಲ. ದೇಶದಾದ್ಯಂತ ಅದು ವಿಸ್ತರಣೆಯಾದದ್ದು 2011ರಲ್ಲಿ. ಸರ್ಕಾರ ತಡವಾಗಿ ಕೊಟ್ಟ ಲಸಿಕೆಯ ಬೆಲೆಯನ್ನು ಈ ಹುಡುಗರು ತಮ್ಮ ಶೀಲದ ಮೇಲಿನ ಅನುಮಾನದ ರೂಪದಲ್ಲಿ ತೆರುತ್ತಿದ್ದಾರೆ. ಯಕೃತ್ತಿನ ರೋಗ ಎಂದೊಡನೆ ‘ಕುಡೀತಿದ್ದನೇನೋ’ ಎಂಬ ಪ್ರಶ್ನೆ, ರಕ್ತದ ಸೋಂಕು ಎಂದೊಡನೆ ಇನ್ನೂ ಒಂದು ಪ್ರಶ್ನೆ. ಎರಡಕ್ಕೂ ಉತ್ತರಿಸುವ ಅವಕಾಶ ಆರೋಪಿಗೆ ಸಿಗುವುದಿಲ್ಲ.

ಎಷ್ಟು ಜನ ಇಂಥವರು? ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಭಾರತದಲ್ಲಿ ‘ಬಿ’ ಸೋಂಕಿತರು ಸುಮಾರು 2.98 ಕೋಟಿ, ‘ಸಿ’ ಸೋಂಕಿತರು ಸುಮಾರು 55 ಲಕ್ಷ. ಜಗತ್ತಿನ ಲೆಕ್ಕದಲ್ಲಿ ಇದು ಹತ್ತರಲ್ಲಿ ಒಂದು ಪಾಲಿಗೂ ಮಿಗಿಲು. ವಿಶ್ವದಾದ್ಯಂತ ‘ಬಿ’ ಸೋಂಕಿರುವವರ ಪೈಕಿ ತಮಗೆ ಅದು ಇದೆಯೆಂದು ತಪಾಸಣೆಯಿಂದ ತಿಳಿದವರು ಶೇ 13 ಮಾತ್ರ. ಉಳಿದವರಿಗೆ ಆ ಚೀಟಿ ಇನ್ನೂ ಕೈಸೇರಬೇಕಾಗಿದೆ. ಸೇರುವ ದಿನ ಅದನ್ನು ಯಾರು, ಯಾವ ಮಾತಿನಲ್ಲಿ ಕೊಡುತ್ತಾರೆ ಎಂಬುದು ನನ್ನ ದೃಷ್ಟಿಯಲ್ಲಿ ಈ ಕಾಯಿಲೆಯ ಆಡಳಿತದ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ಈ ರೋಗಿಗಳಲ್ಲಿ ಖಿನ್ನತೆ ಸಾಮಾನ್ಯ ಜನರಿಗಿಂತ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಹೊಸದಲ್ಲ. ‘ಸಿ’ ಸೋಂಕಿತರ ಬಗ್ಗೆ ವಿವಿಧ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುವುದು ಕಂಡುಬಂದಿದೆ. ಕಾರಣ ಒಂದೇ ಅಲ್ಲ. ಲಜ್ಜೆ, ಭಯ, ಒಂಟಿತನ ಒಂದು ಕಡೆ. ದೇಹದೊಳಗೆ ವರ್ಷಗಟ್ಟಲೆ ಉರಿಯುವ ಉರಿಯೂತವೇ ಮನಸ್ಸನ್ನು ಕುಗ್ಗಿಸುತ್ತದೆ ಎಂಬುದು ಇನ್ನೊಂದು. ಈ ಎರಡನೆಯದನ್ನು ನಂಬಲು ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕಷ್ಟವಾಗಿತ್ತು. ಆದರೆ ಇದಕ್ಕೆ ಒಂದು ಅಪರೂಪದ ಸಾಕ್ಷ್ಯವಿದೆ. ಹಿಂದೆ ‘ಸಿ’ ಸೋಂಕಿಗೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದನ್ನು ಆರು ತಿಂಗಳಿನಿಂದ ಒಂದು ವರ್ಷದವರೆಗೆ ಕೊಡುತ್ತಿದ್ದರು. ವೈರಾಣುವಿನ ವಿರುದ್ಧ ದೇಹವೇ ತಯಾರಿಸುವ ವಸ್ತುವಿನ ಔಷಧರೂಪ ಅದು. ಅದನ್ನು ಪಡೆದವರಲ್ಲಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಜನ, ಮೊದಲು ಎಂದೂ ಮನಸ್ಸಿನ ತೊಂದರೆ ಕಾಣದವರು ಕೂಡ, ಖಿನ್ನತೆಗೆ ಜಾರುತ್ತಿದ್ದರು. 2001ರಲ್ಲಿ ಅಮೆರಿಕದ ಸಂಶೋಧಕರು ಇದೇ ಔಷಧವನ್ನು ಚರ್ಮದ ಕ್ಯಾನ್ಸರಿಗೆ ಪಡೆಯುತ್ತಿದ್ದವರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಖಿನ್ನತೆ ನಿವಾರಕ ಮಾತ್ರೆಯನ್ನು ಮುಂಚಿತವಾಗಿ ಕೊಟ್ಟವರಲ್ಲಿ ತೀವ್ರ ಖಿನ್ನತೆ ಬಂದದ್ದು ಶೇ 11ರಷ್ಟು ಜನರಿಗೆ; ಹುಸಿಮಾತ್ರೆ ಪಡೆದವರಲ್ಲಿ ಶೇ 45ರಷ್ಟು. ಪ್ರಯೋಗ ಚಿಕ್ಕದು, ಆದರೆ ಅದು ತೋರಿಸಿದ್ದು ದೊಡ್ಡದು. ಮನಸ್ಸು ಕುಸಿಯುವುದನ್ನು ರೋಗಿಯ ದುರ್ಬಲತೆ ಎಂದು ಬಗೆಯುವವರು ಇದನ್ನು ಗಮನಿಸಬೇಕು.

ಇಂಟರ್‌ಫೆರಾನಿನ ಕಾಲ ‘ಸಿ’ ರೋಗಿಗಳ ಮಟ್ಟಿಗೆ ಮುಗಿದಿದೆ. 2013ರ ಕೊನೆಯಲ್ಲಿ ಸೊಫೊಸ್ಬುವಿರ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದಾಗ ಹನ್ನೆರಡು ವಾರಗಳ ಚಿಕಿತ್ಸೆಯ ಬೆಲೆ 84,000 ಡಾಲರ್, ಅಂದರೆ ಒಂದು ಮಾತ್ರೆಗೆ ಸಾವಿರ ಡಾಲರ್. 2014ರಲ್ಲಿ ಭಾರತದ ಕಂಪನಿಗಳಿಗೆ ಪರವಾನಗಿ ದೊರೆತು, ಮರುವರ್ಷ ಇಲ್ಲಿ ತಯಾರಾದ ಮಾತ್ರೆ ಮಾರುಕಟ್ಟೆಗೆ ಬಂದಮೇಲೆ ಬೆಲೆ ಪಾತಾಳಕ್ಕಿಳಿಯಿತು. 2016ರಲ್ಲಿ ಪಂಜಾಬ್ ಸರ್ಕಾರ ತನ್ನ ರೋಗಿಗಳಿಗೆ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನ, ಕೇಂದ್ರವು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ನೀಡಿ ‘ಬಿ’ ಹಾಗೂ ‘ಸಿ’ ಎರಡರ ತಪಾಸಣೆ, ಔಷಧಗಳನ್ನು ಉಚಿತಗೊಳಿಸಿತು. ‘ಸಿ’ ಈಗ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರಲ್ಲಿ ಗುಣವಾಗುವ ರೋಗ. ‘ಬಿ’ಯನ್ನು ಅಗತ್ಯವಿದ್ದವರಲ್ಲಿ ದಿನಕ್ಕೊಂದು ಮಾತ್ರೆ ಹತೋಟಿಯಲ್ಲಿ ಇಡುತ್ತದೆ. ಅದರ ಲಸಿಕೆಯ ಕಥೆಯೂ ಹೀಗೆಯೇ: 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಲಸಿಕೆಯನ್ನು ಹೊರತಂದದ್ದರಿಂದ ಆಮದು ಲಸಿಕೆಯ ದುಬಾರಿ ಬೆಲೆ ಮುರಿಯಿತು. ಬೆಲೆಯ ಗೋಡೆಯನ್ನು ಒಡೆಯುವುದರಲ್ಲಿ ನಾವು ಜಗತ್ತಿಗೇ ಮಾದರಿಯಾದೆವು. ಆದರೆ ಸೋಂಕಿತನ ಎದುರು ಕುಳಿತು ಅರ್ಧ ಗಂಟೆ ಮಾತನಾಡುವ ಒಬ್ಬ ಮನುಷ್ಯನನ್ನು ಒದಗಿಸುವುದು ನಮಗೆ ಇನ್ನೂ ಸಾಧ್ಯವಾಗಿಲ್ಲ. ಮಾತಿಗೆ ಪೇಟೆಂಟ್ ಇಲ್ಲ, ಪರವಾನಗಿ ಬೇಕಿಲ್ಲ.

ಖಿನ್ನತೆ ಮತ್ತು ಯಕೃತ್ತಿನ ನಡುವೆ ಗೊಂದಲವಾಗುವ ಇನ್ನೊಂದು ಸ್ಥಿತಿಯನ್ನು ಓದುಗರು ತಿಳಿದಿರುವುದು ಒಳ್ಳೆಯದು. ಸಿರೋಸಿಸ್ ಮುಂದುವರಿದವರಲ್ಲಿ ಯಕೃತ್ತು ಶುದ್ಧಿಮಾಡಬೇಕಾದ ಅಮೋನಿಯಾದಂತಹ ವಿಷಗಳು ಮಿದುಳಿಗೆ ಏರುತ್ತವೆ. ಆಗ ಹಗಲು ನಿದ್ರೆ, ರಾತ್ರಿ ಎಚ್ಚರ. ಸ್ವಭಾವದಲ್ಲಿ ಬದಲಾವಣೆ, ಮಾತಿನಲ್ಲಿ ತೊದಲು, ಕೈ ನಡುಕ, ಗೊತ್ತಿದ್ದ ದಾರಿ ತಪ್ಪುವುದು ಶುರುವಾಗುತ್ತದೆ. ಇದನ್ನು ಹುಚ್ಚು ಎಂದೋ ಗಾಳಿ ಸೋಕಿತೆಂದೋ ಭಾವಿಸಿ ದೇವರ ಗುಡಿಗೆ ಕರೆದೊಯ್ಯುವ ಕುಟುಂಬಗಳನ್ನು ನಾನೇ ಕಂಡಿದ್ದೇನೆ. ಇದು ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ, ಬಹಳಷ್ಟು ಸಲ ಸರಳ ಔಷಧದಿಂದ ಇಳಿಯುವಂಥದ್ದು. ನಿದ್ರೆ ಬರುತ್ತಿಲ್ಲವೆಂದು ಇಂಥವರಿಗೆ ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡುವುದು ಅಪಾಯಕರ.

ಇನ್ನು ಆ ಹುಡುಗನ ಮಾತು ನನ್ನನ್ನು ಏಕೆ ಅಲುಗಾಡಿಸಿತು ಎಂಬುದಕ್ಕೆ ಬರುತ್ತೇನೆ. ಎರಡು ದಶಕಗಳ ಹಿಂದೆ, ರೈತರ ಆತ್ಮಹತ್ಯೆಗಳು ರಾಜ್ಯವನ್ನು ಕಂಗೆಡಿಸಿದ್ದ ಕಾಲದಲ್ಲಿ, ನಾನು ಉತ್ತರ ಕರ್ನಾಟಕದ ಒಂದು ಉಪವಿಭಾಗದ ಅಧಿಕಾರಿಯಾಗಿದ್ದೆ. ಪರಿಹಾರಕ್ಕೆ ಬಂದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗೆ ಉಪವಿಭಾಗಾಧಿಕಾರಿಯೇ ಅಧ್ಯಕ್ಷ. ನಮ್ಮ ಮುಂದಿದ್ದ ಪ್ರಶ್ನೆ ಒಂದೇ: ಸಾವಿಗೆ ಕಾರಣ ಕೃಷಿ ಸಾಲವೇ, ಅಲ್ಲವೇ? ಒಂದು ಕಡತದಲ್ಲಿ ಮೃತನಿಗೆ ‘ಲಿವರ್ ಕಾಯಿಲೆ’ ಇತ್ತೆಂದು ಪೊಲೀಸ್ ವರದಿ ಹೇಳಿತ್ತು. ಕೈಗಡ ಸಾಲ ಇತ್ತು, ಆದರೆ ಅದು ಚಿಕಿತ್ಸೆಗೆಂದು ಮಾಡಿದ್ದು, ಬೀಜ, ಗೊಬ್ಬರಕ್ಕಲ್ಲ. ಮೃತನ ಹೆಂಡತಿ ನಮ್ಮ ಮುಂದೆ ನಿಂತು, ಆರು ತಿಂಗಳಿಂದ ಅವರು ಮನೆಯಲ್ಲಿ ಯಾರೊಂದಿಗೂ ಕೂತು ಉಂಡಿರಲಿಲ್ಲ, ಮಗುವನ್ನು ಮುಟ್ಟುತ್ತಿರಲಿಲ್ಲ ಎಂದರು. ನಡವಳಿಯಲ್ಲಿ ಬರೆಯಬೇಕಾದ ಸಂಗತಿ ಅದಲ್ಲವೆಂದು ನಾನು ಭಾವಿಸಿದೆ. ‘ಕಾಯಿಲೆಯ ಕಾರಣ, ಅರ್ಹವಲ್ಲ’ ಎಂಬ ಷರಾಕ್ಕೆ ರುಜು ಹಾಕಿದೆ. ನಿಯಮದ ಪ್ರಕಾರ ಸರಿಯಾಗಿಯೇ ಇದ್ದ ಆದೇಶ. ಆ ಮನುಷ್ಯನ ಕಾಯಿಲೆ ಯಾವ ನಮೂನೆಯದು, ಅದು ಮಗುವಿಗೆ ಅಂಟುವುದಿಲ್ಲವೆಂದು ಅವನಿಗೆ ಯಾರಾದರೂ ಹೇಳಿದ್ದರೇ ಎಂದು ಕೇಳಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ಹೆಂಡತಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಎಂದೂ ಹೇಳಲಿಲ್ಲ.

ಅದೇ ಅವಧಿಯಲ್ಲಿ, 2002ರಲ್ಲಿ, ಕೃಷಿ ವಿಶ್ವವಿದ್ಯಾಲಯದ ವಿಶ್ರಾಂತ ಕುಲಪತಿ ಜಿ.ಕೆ. ವೀರೇಶ್ ಅವರ ನೇತೃತ್ವದ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ಆತ್ಮಹತ್ಯೆಗೆ ಸಾಲವೊಂದೇ ಕಾರಣವಲ್ಲ, ಮನಸ್ಸಿನ ಕುಸಿತ, ಕುಡಿತ, ಕೌಟುಂಬಿಕ ಕಲಹಗಳೂ ಇವೆ ಎಂದದ್ದಕ್ಕೆ ಆ ವರದಿ ಸಾಕಷ್ಟು ಟೀಕೆ ಎದುರಿಸಿತು. ಸರ್ಕಾರ ಹೊಣೆ ಜಾರಿಸಿಕೊಳ್ಳಲು ಮನಸ್ಸಿನ ಹೆಸರು ಹೇಳುತ್ತಿದೆ ಎಂಬ ಅನುಮಾನ ಆಗ ಅಸಹಜವೇನೂ ಆಗಿರಲಿಲ್ಲ. ಆದರೆ ಸಾಲ ಮತ್ತು ಮನಸ್ಸು ಪರಸ್ಪರ ವಿರುದ್ಧ ಕಾರಣಗಳು ಎಂದು ನಾವೆಲ್ಲ, ಟೀಕಿಸಿದವರೂ ಅಧಿಕಾರಿಗಳೂ, ಒಪ್ಪಿಕೊಂಡುಬಿಟ್ಟೆವು. ನನ್ನ ಆ ಕಡತದಲ್ಲಿ ಕಾಯಿಲೆ, ಸಾಲ, ಖಿನ್ನತೆ ಮೂರೂ ಒಂದೇ ಹಗ್ಗದ ಎಳೆಗಳಾಗಿದ್ದವು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿವರ್ಷ ಆತ್ಮಹತ್ಯೆಯ ಅಂಕಿಅಂಶ ಪ್ರಕಟಿಸುತ್ತದೆ. 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ಜೀವ ಕಳೆದುಕೊಂಡರು. ಕೌಟುಂಬಿಕ ಸಮಸ್ಯೆಯ ನಂತರದ ಎರಡನೆಯ ದೊಡ್ಡ ಕಾರಣ ‘ಕಾಯಿಲೆ’, ಶೇ 18.4. ಸಾಲ, ಪರೀಕ್ಷೆ, ಪ್ರೇಮ ವೈಫಲ್ಯಗಳ ಬಗ್ಗೆ ಪತ್ರಿಕೆಗಳಲ್ಲಿ ಆಗುವ ಚರ್ಚೆಯ ಹತ್ತನೆಯ ಒಂದು ಪಾಲೂ ಈ ಕಾರಣದ ಬಗ್ಗೆ ಆಗುವುದಿಲ್ಲ. ಆ ಕೋಷ್ಟಕದಲ್ಲಿ ಕಾಯಿಲೆಯನ್ನು ಏಡ್ಸ್, ಕ್ಯಾನ್ಸರ್, ಪಾರ್ಶ್ವವಾಯು, ಮಾನಸಿಕ ಕಾಯಿಲೆ ಎಂದು ವಿಂಗಡಿಸಿ ಕೊನೆಗೆ ‘ಇತರೆ ದೀರ್ಘಕಾಲದ ಕಾಯಿಲೆ’ ಎಂಬ ಕಲಂ ಇಟ್ಟಿದ್ದಾರೆ. ಯಕೃತ್ತಿನ ರೋಗಿ ಸೇರುವುದು ಅಲ್ಲಿಗೆ. ಕಡತಗಳ ನಡುವೆ ಮೂವತ್ತು ವರ್ಷ ಕಳೆದವನಾಗಿ ಒಂದು ಮಾತು ಹೇಳಬಲ್ಲೆ: ‘ಇತರೆ’ ಎಂಬ ಕಲಂಗೆ ಹೋದದ್ದಕ್ಕೆ ಅನುದಾನವೂ ಬರುವುದಿಲ್ಲ, ಅಧಿಕಾರಿಯೂ ನೇಮಕವಾಗುವುದಿಲ್ಲ.

ಅರ್ಥಶಾಸ್ತ್ರಜ್ಞರು ಈ ಬಗೆಯ ನಷ್ಟವನ್ನು ಅಳೆಯಲು ಕಲಿತದ್ದು ತೀರ ಈಚೆಗೆ. 1993ರ ವಿಶ್ವಬ್ಯಾಂಕ್ ವರದಿಯು ಸಾವಿನ ಸಂಖ್ಯೆಯ ಜೊತೆಗೆ ರೋಗದಿಂದ ಕುಂದಿದ ಬದುಕಿನ ವರ್ಷಗಳನ್ನೂ ಎಣಿಸುವ ಅಳತೆಗೋಲನ್ನು ಮುಂದಿಟ್ಟಿತು. ಹಾಗೆ ಎಣಿಸಲು ತೊಡಗಿದ ಮೇಲೆಯೇ ಖಿನ್ನತೆಯು ಮನುಕುಲದ ಅತಿ ದೊಡ್ಡ ಹೊರೆಗಳಲ್ಲಿ ಒಂದು ಎಂಬುದು ಗೊತ್ತಾದದ್ದು. ಯಕೃತ್ತಿನ ಸೋಂಕಿನಲ್ಲಿ ಈ ಹೊರೆ ರೋಗಿಯೊಬ್ಬನದೇ ಅಲ್ಲ. ನಾಚಿಕೆಯಿಂದ ಮುಚ್ಚಿಡುವವನ ಹೆಂಡತಿಗೆ ಲಸಿಕೆ ಸಿಗುವುದಿಲ್ಲ; ಮುಚ್ಚಿಡುವ ಗರ್ಭಿಣಿಯ ಮಗುವಿಗೆ ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಬೀಳಬೇಕಾದ ಚುಚ್ಚುಮದ್ದು ತಪ್ಪಬಹುದು. ಖಿನ್ನನಾದವನು ಆರು ತಿಂಗಳ ತಪಾಸಣೆಗೆ ಹೋಗುವುದಿಲ್ಲ, ಮಾತ್ರೆ ನಿಲ್ಲಿಸುತ್ತಾನೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ. ಆಮೇಲೆ ಯಕೃತ್ತು ನಿಜವಾಗಿಯೇ ಹೋಗುತ್ತದೆ. ಮನಸ್ಸಿನ ಚಿಕಿತ್ಸೆಯನ್ನು ದಯೆಯ ಲೆಕ್ಕಕ್ಕೆ ಹಾಕಬೇಕಿಲ್ಲ. ಸೋಂಕು ನಿಯಂತ್ರಣದ ಲೆಕ್ಕಕ್ಕೇ ಹಾಕಬಹುದು.

ಹಾಗಾದರೆ ಮಾಡುವುದೇನು? ಹೊಸ ಇಲಾಖೆ, ಹೊಸ ಹುದ್ದೆ ಕೇಳುವ ಉದ್ದೇಶ ನನಗಿಲ್ಲ. ಹಣಕಾಸು ಇಲಾಖೆ ಅಂಥ ಕಡತವನ್ನು ಹೇಗೆ ಹಿಂದಿರುಗಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಇರುವುದನ್ನೇ ನೋಡೋಣ. ಎಚ್‌ಐವಿ ಬಂದಾಗ ನಾವು ಒಂದು ಒಳ್ಳೆಯ ಪಾಠ ಕಲಿತೆವು. ಪರೀಕ್ಷೆಗೆ ಮುಂಚೆ ಒಮ್ಮೆ, ಫಲಿತಾಂಶ ಹೇಳುವಾಗ ಒಮ್ಮೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಪ್ತಸಮಾಲೋಚಕರು ಮಾತನಾಡಬೇಕು ಎಂಬ ಪದ್ಧತಿ ಬಂತು. ಅದಕ್ಕೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಕೇಂದ್ರಗಳು, ತರಬೇತಾದ ಸಿಬ್ಬಂದಿ ಬಂದರು. ಹೆಪಟೈಟಿಸ್ ‘ಬಿ’ ದಾಟುವ ದಾರಿಗಳು ಬಹುಪಾಲು ಅವೇ, ಭಯವೂ ಅದೇ, ಕಳಂಕವೂ ಅದೇ. ಅದೇ ಆಪ್ತಸಮಾಲೋಚಕರಿಗೆ ಒಂದು ವಾರದ ಹೆಚ್ಚುವರಿ ತರಬೇತಿ ಕೊಟ್ಟು ಯಕೃತ್ತಿನ ಸೋಂಕಿನ ಫಲಿತಾಂಶವನ್ನೂ ಅವರ ಕೋಣೆಯಲ್ಲಿಯೇ ಹೇಳಿಸಲು ಒಂದು ಸುತ್ತೋಲೆ ಸಾಕು. ಖಾಸಗಿ ಪ್ರಯೋಗಾಲಯಗಳಿಗೂ ರಕ್ತನಿಧಿಗಳಿಗೂ ಅದು ಅನ್ವಯಿಸಬೇಕು, ಏಕೆಂದರೆ ಬಹಳ ಜನರಿಗೆ ಸುದ್ದಿ ತಿಳಿಯುವುದು ಅಲ್ಲಿ.

ತಪಾಸಣೆಗೆ ಬಂದ ಪ್ರತಿಯೊಬ್ಬನಿಗೂ ಯಕೃತ್ತಿನ ಪರೀಕ್ಷೆಯ ಜೊತೆಗೆ ಎರಡು ಪ್ರಶ್ನೆ ಕೇಳಬಹುದು: ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೇ, ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನೆಗಳಿವು. ಕೇಳಲು ಒಂದು ನಿಮಿಷ ಬೇಕು. ಹೌದೆಂದವರನ್ನು ಎಲ್ಲಿಗೆ ಕಳಿಸುವುದು ಎಂಬ ಆಕ್ಷೇಪವನ್ನು ವೈದ್ಯ ಮಿತ್ರರೊಬ್ಬರು ಎತ್ತಿದರು. ನ್ಯಾಯವಾದ ಆಕ್ಷೇಪ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಿವಿಧ ಮನೋರೋಗಗಳಿಗೆ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗೆ ಇತ್ತು. ಆದರೂ ಈ ವಿಷಯದಲ್ಲಿ ಕರ್ನಾಟಕ ಬರಿಗೈಯಲ್ಲಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯಬಹುದೆಂದು ಇಡೀ ದೇಶಕ್ಕೆ ತೋರಿಸಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಯೋಜನೆ ರೂಪುಗೊಂಡದ್ದು ನಮ್ಮಲ್ಲಿಯೇ. ಆಡೂರಿನವರಿಗೆ ಧಾರವಾಡದ ಡಿಮ್ಹಾನ್ಸ್ ದೂರದ ಊರೇನಲ್ಲ. 2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ದೂರವಾಣಿ ಸೇವೆ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ, ಹಣ ಕೊಡಬೇಕಿಲ್ಲ. ಕೊರತೆ ಇರುವುದು ಯಕೃತ್ತಿನ ಕೋಣೆಯಿಂದ ಮನಸ್ಸಿನ ಕೋಣೆಗೆ ಹೋಗುವ ದಾರಿಯಲ್ಲಿ. ಒಂದೇ ಆಸ್ಪತ್ರೆಯ ಎರಡು ಕೋಣೆಗಳ ನಡುವೆ ಒಂದು ಚೀಟಿ ಓಡಾಡುವುದಿಲ್ಲ. ಯಕೃತ್ತು ಕೆಟ್ಟವರಿಗೆ ಖಿನ್ನತೆಯ ಮಾತ್ರೆ ಕೊಡಬಾರದೆಂಬ ಭೀತಿಯೂ ಕೆಲವರಲ್ಲಿದೆ. ಕೆಲವು ಮಾತ್ರೆಗಳನ್ನು ದೂರವಿಡಬೇಕಾದದ್ದು ನಿಜ. ಪ್ರಮಾಣ ಕಡಿಮೆ ಮಾಡಿ ಸುರಕ್ಷಿತವಾಗಿ ಕೊಡಬಹುದಾದವೂ ಇವೆ. ಇಬ್ಬರು ವೈದ್ಯರು ಪರಸ್ಪರ ಮಾತನಾಡಿದರೆ ತೀರುವ ಸಂಗತಿಯಿದು.

ಮೂರನೆಯದು ಕಾನೂನು, ನನಗೆ ಹೆಚ್ಚು ಮುಖ್ಯವೆನಿಸುವುದು ಇದೇ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿನ ಕಾರಣಕ್ಕೆ ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಸೋಂಕಿನ ವಿಷಯವನ್ನು ಗೋಪ್ಯವಾಗಿಡುವ ಹೊಣೆ ಹೊರಿಸಿತು. ಹೆಪಟೈಟಿಸ್ ಸೋಂಕಿತನಿಗೆ ಅಂಥ ರಕ್ಷಣೆ ಕೊಡುವ ಪ್ರತ್ಯೇಕ ಕಾನೂನು ಇಲ್ಲ. ಕೊಲ್ಲಿ ದೇಶಗಳ ನಿಯಮವನ್ನು ನಾವು ಬದಲಿಸಲಾರೆವು. ಆದರೆ ನಮ್ಮದೇ ನೆಲದ ಕಾರ್ಖಾನೆ, ಹಾಸ್ಟೆಲ್, ನರ್ಸಿಂಗ್ ಕಾಲೇಜುಗಳಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನು ಜರಡಿಯಾಗಿ ಬಳಸುವುದನ್ನು ತಡೆಯಲಾಗದೇ? ಅಡುಗೆ ಕೆಲಸಕ್ಕೋ ವೆಲ್ಡಿಂಗ್ ಕೆಲಸಕ್ಕೋ ಈ ವೈರಾಣು ಅಡ್ಡಿಯಲ್ಲ. ಅಂದಹಾಗೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕೆಂದು ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಮಾಡಬೇಕೇ ಹೊರತು ಶಿಕ್ಷಿಸಬಾರದು ಎಂಬುದೂ ಅದರಲ್ಲಿದೆ. ಇದು ನಮ್ಮ ಠಾಣೆಗಳವರೆಗೆ ಎಷ್ಟು ತಲುಪಿದೆ ಎಂಬುದು ಬೇರೆ ಲೇಖನದ ವಸ್ತು.

ಗಿಡಮೂಲಿಕೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ಹುಡುಗನ ತಂದೆ ಅದನ್ನೇ ಕೇಳಿದರು. ನೆಲನೆಲ್ಲಿಯನ್ನು ಕಾಮಾಲೆಗೆ ಕೊಡುವುದು ಹಳೆಯ ರೂಢಿ. 1988ರಲ್ಲಿ ಮದ್ರಾಸಿನ ಸಂಶೋಧಕರು ‘ಬಿ’ ವೈರಾಣು ಕಂಡುಹಿಡಿದ ನೊಬೆಲ್ ಪುರಸ್ಕೃತ ಬ್ಲುಂಬರ್ಗ್ ಅವರೊಂದಿಗೆ ಸೇರಿ, ಇದನ್ನು ಸೇವಿಸಿದ ಅರ್ಧಕ್ಕೂ ಹೆಚ್ಚು ಸೋಂಕಿತರ ರಕ್ತದಲ್ಲಿ ವೈರಾಣುವಿನ ಕುರುಹು ಮಾಯವಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ದೊಡ್ಡ ಆಸೆ ಹುಟ್ಟಿತ್ತು. ಬೇರೆಡೆ ನಡೆದ ನಂತರದ ಪ್ರಯೋಗಗಳಲ್ಲಿ ಆ ಫಲ ಮರಳಿ ಸಿಗಲಿಲ್ಲ. ಆಸೆಗೆ ಅಂಟಿಕೊಂಡು ತಪಾಸಣೆ ತಪ್ಪಿಸಬೇಡಿ ಎಂದಷ್ಟೇ ನಾನು ಅವರಿಗೆ ಹೇಳಿದೆ. ಬರೆಯಂತೂ ಬೇಡವೇ ಬೇಡ. ಒಂದೇ ಕಬ್ಬಿಣ, ಒಂದೇ ಸೂಜಿ ಹಲವರ ಮೈಮೇಲೆ ಆಡುವುದೇ ಈ ರೋಗದ ಹಳೆಯ ದಾರಿ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಮತ್ತೆ ಮತ್ತೆ ಬಳಸಿದ ಸಿರಿಂಜುಗಳಿಂದ ‘ಬಿ’ ಸೋಂಕು ಹಬ್ಬಿ ಹಲವಾರು ಜನ ಸತ್ತದ್ದನ್ನು ನೆನಪಿಸಿದೆ.

ಆ ರಾತ್ರಿ ಹುಡುಗನನ್ನು ಒಂಟಿಯಾಗಿ ಬಿಡಬಾರದೆಂದು ಮಾವನ ಮಗನಿಗೆ ಹೇಳಿ, ಮರುದಿನ ನಾನೇ ಜೊತೆಗೆ ಹೊರಟೆ. ಮನೋವೈದ್ಯರ ಬಳಿ ಹೋಗುವುದಕ್ಕೆ ಅವನ ತಂದೆ ಒಪ್ಪಲಿಲ್ಲ, ‘ಅದೊಂದು ಹೆಸರು ಬ್ಯಾರೆ ಬೇಕೇನ್ರಿ’ ಎಂದರು. ಲಿವರ್ ತಪಾಸಣೆ ಎಂದು ಹೇಳಿಕೊಂಡೇ ಹೋದೆವು. ವೈದ್ಯರು ಔಷಧವನ್ನೂ ಕೊಟ್ಟರು, ಮಾತನ್ನೂ ಆಡಿದರು. ಎರಡನೆಯ ಭೇಟಿಗೆ ತಾಯಿಯನ್ನೂ ಕರೆಸಿಕೊಂಡು ಅವರ ರಕ್ತ ಪರೀಕ್ಷೆ ಮಾಡಿಸಿದರು. ತಾಯಿಯಲ್ಲೂ ಅದೇ ವೈರಾಣು ಇತ್ತು. ಮಗ ಎಲ್ಲಿಂದ ತಂದ ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಆ ಮುದುಕಿ ಅಳುತ್ತ ಕೂತದ್ದನ್ನು, ಹುಡುಗ ಅವರ ಕೈಹಿಡಿದು ‘ನೀ ಏನ್ ಬೇಕಂತ ಕೊಟ್ಟಿಯೇನವ್ವಾ’ ಎಂದದ್ದನ್ನು ನಾನು ನೋಡಿದೆ. ತಾಯಿಗೆ ಈಗ ದಿನಕ್ಕೊಂದು ಮಾತ್ರೆ ಶುರುವಾಗಿದೆ, ತಂದೆಗೂ ತಂಗಿಗೂ ಮೂರು ಡೋಸು ಲಸಿಕೆ ಮುಗಿದಿದೆ. ತಾಟು ಬೇರೆ ಇಡುವುದು ನಿಂತಿದೆ.

ಅವನು ಹಾವೇರಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕಳೆದ ತಿಂಗಳು ಫೋನ್ ಮಾಡಿ, ಮತ್ತೊಂದು ಕಡೆ ಹೆಣ್ಣು ನೋಡುತ್ತಿದ್ದಾರೆ, ಮೊದಲೇ ಹೇಳಿಬಿಡಲೇ ಎಂದು ಕೇಳಿದ. ಹೇಳು, ವೈದ್ಯರ ಮುಂದೆ ಅವರ ಮನೆಯವರನ್ನು ಕೂಡಿಸಿ ಹೇಳು, ಮದುವೆಗೆ ಮುಂಚೆ ಆ ಹುಡುಗಿಗೆ ಲಸಿಕೆಯ ಮೂರೂ ಡೋಸು ಮುಗಿಯಲಿ ಎಂದೆ. ಅವರು ಒಪ್ಪದಿದ್ದರೆ ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ತಪಾಸಣೆ ಯಾವಾಗ ಎಂದು ಕೇಳಿದೆ. ತಾಯಿಯದ್ದೂ ತನ್ನದೂ ಒಂದೇ ದಿನ ಬರುವಂತೆ ಬರೆಸಿಕೊಂಡಿದ್ದೇನೆ ಎಂದ.